‘ಜಂಪ್ ಟು ಎ ಕನ್‌ಕ್ಲೂಷನ್’: ಒಂದು ನುಡಿಗಟ್ಟಿನ ವಿಚಾರ

ಇಂಗ್ಲಿಷಿನಿಂದ ಭಾಷಾಂತರ ಮಾಡುವಾಗ ವಿದ್ಯಾರ್ಥಿಗಳಾದ ನಮ್ಮನ್ನು ಕಾಡುವುದು ಕಠಿಣ ಪದಗಳಲ್ಲ. ಅವಕ್ಕೆ ನಿಘಂಟು ಇದೆ. ಒಂದೊಂದು ಪದವೂ ತಿಳಿದಿದ್ದು ಒಟ್ಟು ಅರ್ಥ ಮಾತ್ರ ಕೈಗೆ ಸಿಕ್ಕದ ನುಡಿಗಟ್ಟುಗಳೇ ನಿಜವಾದ ತೊಡಕು. ‘ಜಂಪ್ ಟು ಎ ಕನ್‌ಕ್ಲೂಷನ್’ ಅಂಥದೊಂದು. ಇದನ್ನು ಸಾಮಾನ್ಯವಾಗಿ ‘ದುಡುಕಿ ತೀರ್ಮಾನಿಸು’ ಎಂದು ಅನುವಾದಿಸುವುದುಂಟು. ಅದು ಸಾಲದೆಂದು ನನ್ನ ಅಭಿಪ್ರಾಯ.

ಇಂಗ್ಲಿಷ್ ಭಾಷೆಯಲ್ಲಿ ತೀರ್ಮಾನವೆಂಬುದು ದಾರಿಯ ಕೊನೆಯಲ್ಲಿರುವ ಊರಿದ್ದಂತೆ. ನಡೆದು ಬಂದವನು ‘ಕಮ್ಸ್ ಟು’, ತಲುಪಿದವನು ‘ಅರೈವ್ಸ್ ಅಟ್’. ನಾವೂ ‘ತೀರ್ಮಾನಕ್ಕೆ ಬಂದೆವು’ ಎನ್ನುವುದಿಲ್ಲವೆ? ನಡೆದು ಬಂದವನಿಗೆ ನಡುವಿನ ಹಳ್ಳ, ದಿಣ್ಣೆ, ಕವಲು ಎಲ್ಲವೂ ಗೊತ್ತು, ಜಿಗಿದವನಿಗೆ ಗೊತ್ತಿಲ್ಲ. ಆದುದರಿಂದ ಈ ನುಡಿಗಟ್ಟು ಆಕ್ಷೇಪಿಸುವುದು ಸೇರಿದ ಊರನ್ನಲ್ಲ, ಬಿಟ್ಟ ದಾರಿಯನ್ನು. ತೀರ್ಮಾನ ಅಕಸ್ಮಾತ್ ಸರಿಯಾಗಿಬಿಟ್ಟರೂ ಜಿಗಿದವನು ಜಿಗಿದವನೇ.

‘ದುಡುಕು’ ಎಂದೊಡನೆ ನಮಗೆ ತೋರುವುದು ಕೋಪ, ಆವೇಶ. ಪಂಚತಂತ್ರದ ಐದನೆಯ ತಂತ್ರಕ್ಕೆ ‘ಅಪರೀಕ್ಷಿತಕಾರಕ’ ಎಂದು ಹೆಸರು. ಅಲ್ಲಿಯ ತಾಯಿ ಮುಂಗುಸಿಯ ಬಾಯಲ್ಲಿ ರಕ್ತ ಕಂಡು, ಮಗುವನ್ನೇ ತಿಂದಿತೆಂದು ಅದನ್ನು ಕೊಂದಳು, ರಕ್ತ ಹಾವಿನದು. ಇದು ದುಡುಕು, ಸಂದೇಹವಿಲ್ಲ. ಆದರೆ ತಣ್ಣಗೆ ಕುಳಿತು, ಅಂಕಿ ಅಂಶಗಳನ್ನು ಮುಂದಿಟ್ಟುಕೊಂಡು ಜಿಗಿಯುವವರೂ ಉಂಟು.

1948ರ ನವೆಂಬರ್ 2ರಂದು ಅಮೆರಿಕದ ಅಧ್ಯಕ್ಷ ಚುನಾವಣೆ ನಡೆಯಿತು. ಟ್ರೂಮನ್ನರು ಸೋತು ಡ್ಯೂಯಿಯವರು ಗೆಲ್ಲುವರೆಂದು ಹೆಸರಾಂತ ಜನಾಭಿಪ್ರಾಯ ಸಂಗ್ರಾಹಕರು ಹೇಳಿದ್ದರು. ಕೆಲವರಂತೂ ಮತದಾನಕ್ಕೆ ವಾರಗಳ ಮೊದಲೇ ಜನರನ್ನು ವಿಚಾರಿಸುವುದನ್ನು ನಿಲ್ಲಿಸಿದ್ದರು. ಗೊತ್ತಿರುವುದನ್ನು ಮತ್ತೆ ಕೇಳುವುದೇಕೆ! ‘ಷಿಕಾಗೋ ಡೈಲಿ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಆಗ ಮುದ್ರಣ ಕೆಲಸಗಾರರ ಮುಷ್ಕರ. ಪತ್ರಿಕೆ ಎಂದಿಗಿಂತ ಕೆಲವು ಗಂಟೆ ಮೊದಲೇ ಅಚ್ಚಿಗೆ ಹೋಗಬೇಕಾಯಿತು. ಮತಗಳ ಎಣಿಕೆ ಇನ್ನೂ ನಡೆಯುತ್ತಿರುವಾಗಲೇ ಡ್ಯೂಯಿ ಟ್ರೂಮನ್ನರನ್ನು ಸೋಲಿಸಿದರೆಂಬ ತಲೆಬರಹ ದಪ್ಪಕ್ಷರಗಳಲ್ಲಿ ಅಚ್ಚಾಯಿತು. ಕೊನೆಗೆ ಮತದಾರ ಮಂಡಲಿಯಲ್ಲಿ ಟ್ರೂಮನ್ನರಿಗೆ 303 ಮತ, ಡ್ಯೂಯಿಯವರಿಗೆ 189. ಸೇಂಟ್ ಲೂಯಿ ರೈಲು ನಿಲ್ದಾಣದಲ್ಲಿ ಟ್ರೂಮನ್ನರು ಆ ಪತ್ರಿಕೆಯನ್ನು ಎತ್ತಿ ಹಿಡಿದು ನಗುತ್ತಿರುವ ಛಾಯಾಚಿತ್ರ ಲೋಕಪ್ರಸಿದ್ಧ. ಇಲ್ಲಿ ಕೋಪವೆಲ್ಲಿ, ಆವೇಶವೆಲ್ಲಿ? ಎಣಿಸದ ಮತಗಳ ಮೇಲಿಂದ ಜಿಗಿದದ್ದಷ್ಟೇ.

ಇನ್ನು ಬಳಕೆಯ ವಿಷಯ. ಈ ನುಡಿಗಟ್ಟು ಹೆಚ್ಚಾಗಿ ಎಚ್ಚರಿಕೆಯಾಗಿ, ‘ಡೋಂಟ್’ ಎಂಬುದರ ಜೊತೆಗೆ ಬರುತ್ತದೆ. ‘ನಾನೀಗ ಜಿಗಿಯುತ್ತಿದ್ದೇನೆ’ ಎಂದು ಯಾರೂ ಹೇಳಿಕೊಳ್ಳರು. ಜಿಗಿತ ಕಾಣುವುದು ಪಕ್ಕದವನಿಗೆ. ‘ಜಂಪ್ ಅಟ್ ಆನ್ ಆಫರ್’ ಬೇರೆ, ಅದು ಸಂತೋಷದಿಂದ ಒಪ್ಪಿಕೊಳ್ಳುವುದು. ಓಟದ ಪಂದ್ಯದಿಂದ ಬಂದ ‘ಜಂಪ್ ದಿ ಗನ್’ ಅವಸರದ ಕೆಲಸಕ್ಕೆ ಸಲ್ಲುತ್ತದೆ. ನಮ್ಮ ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಇದಕ್ಕೆ ಒಗ್ಗದು. ಅದು ಆಸೆಯ ಮಾತು, ತೀರ್ಪಿನದಲ್ಲ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ‘ತೀರ್ಮಾನಕ್ಕೆ ಹಾರಿದನು’ ಎಂದರೆ ಕಿವಿಗೆ ಹಿತವಿಲ್ಲ. ‘ಹಾರಿಕೆಯ ಉತ್ತರ’ದ ನೆನಪಾಗುತ್ತದೆ. ಓದುಬರಹ ಬಾರದ ನನ್ನ ತಾಯಿ ದಿನಕ್ಕೊಮ್ಮೆಯಾದರೂ ‘ಹಿಂದುಮುಂದು ನೋಡಿ ಮಾತಾಡು’ ಎನ್ನುತ್ತಾಳೆ. ನಿಘಂಟಿನಲ್ಲಿ ಸಿಗದ ಅನುವಾದ ನನಗೆ ಸಿಕ್ಕಿದ್ದು ಆ ಮಾತಿನಲ್ಲಿ. ‘ಹಿಂದುಮುಂದು ನೋಡದೆ ತೀರ್ಮಾನಕ್ಕೆ ಬಂದನು.’ ಇಂಗ್ಲಿಷಿನಲ್ಲಿ ತಪ್ಪು ಕಾಲಿನದು, ನಮ್ಮಲ್ಲಿ ಕಣ್ಣಿನದು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯೂ ಕಣ್ಣಿಗೇ ಹೇಳಿದ್ದು. ಆದರೆ ಟ್ರಿಬ್ಯೂನ್ ಪತ್ರಿಕೆಯ ಸಂಗತಿಗೆ ನಾನಾದರೆ ‘ಮತ ಎಣಿಸಿ ಮುಗಿಯುವ ಮುಂಚೆಯೇ ತೀರ್ಮಾನಕ್ಕೆ ಬಂದರು’ ಎಂದು ಬರೆದೇನು. ಬಿಟ್ಟ ದಾರಿ ಯಾವುದೆಂದು ವಾಕ್ಯದಲ್ಲೇ ಹೇಳಿಬಿಟ್ಟರೆ ಜಿಗಿತದ ಮಾತು ಬೇಕಾಗುವುದಿಲ್ಲ.