ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿ, ಪದ ಹುಡುಕಿ!



ಎ, ಇ, ಟಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಮೂರು ಚೀಟಿಗಳ ಮೇಲೆ ಬರೆದುಕೊಳ್ಳಿ. ಮೂರನ್ನೂ ಬಳಸಿ ಎಷ್ಟು ಪದ ಮಾಡಬಲ್ಲಿರಿ? ಟಿ-ಇ-ಎ ಎಂದು ಇಟ್ಟರೆ ನಾವು ಕುಡಿಯುವ ಟೀ. ಇ-ಎ-ಟಿ ಎಂದು ಇಟ್ಟರೆ ಈಟ್, ಅಂದರೆ ತಿನ್ನು. ಎ-ಟಿ-ಇ ಎಂದು ಇಟ್ಟರೆ ಏಟ್, ಅಂದರೆ ತಿಂದನು. ಅಕ್ಷರಗಳು ಅವೇ ಮೂರು. ಜಾಗ ಬದಲಾದರೆ ಪದವೂ ಬದಲಾಗುತ್ತದೆ.

ಎಷ್ಟು ರೀತಿಯಲ್ಲಿ ಜೋಡಿಸಬಹುದು?

ಮೊದಲ ಜಾಗಕ್ಕೆ ಮೂರರಲ್ಲಿ ಯಾವ ಅಕ್ಷರವನ್ನಾದರೂ ಇಡಬಹುದು. ಎರಡನೆಯ ಜಾಗಕ್ಕೆ ಉಳಿಯುವುದು ಎರಡು. ಕೊನೆಯ ಜಾಗಕ್ಕೆ ಒಂದೇ. ಆದ್ದರಿಂದ 3 × 2 × 1 = 6 ಜೋಡಣೆಗಳು. ನಾಲ್ಕು ಅಕ್ಷರಗಳಿಗೆ 4 × 3 × 2 × 1 = 24. ಒ, ಪಿ, ಎಸ್, ಟಿ ತೆಗೆದುಕೊಳ್ಳಿ. ಆ 24ರಲ್ಲಿ ಸ್ಟಾಪ್ (ನಿಲ್ಲು), ಪೋಸ್ಟ್ (ಅಂಚೆ), ಸ್ಪಾಟ್ (ಚುಕ್ಕೆ), ಪಾಟ್ಸ್ (ಮಡಕೆಗಳು), ಟಾಪ್ಸ್ (ಬುಗುರಿಗಳು) ಸಿಗುತ್ತವೆ. ಉಳಿದ ಹೆಚ್ಚಿನವಕ್ಕೆ ಅರ್ಥವೇ ಇಲ್ಲ.

ಅಕ್ಷರಗಳೆಲ್ಲ ಬೇರೆ ಬೇರೆಯಾಗಿದ್ದರೆ ಲೆಕ್ಕ ಹೀಗೆ ಬೆಳೆಯುತ್ತದೆ:

5 ಅಕ್ಷರ – 120 ಜೋಡಣೆ
6 ಅಕ್ಷರ – 720 ಜೋಡಣೆ
7 ಅಕ್ಷರ – 5,040 ಜೋಡಣೆ
10 ಅಕ್ಷರ – 36,28,800 ಜೋಡಣೆ

ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಬರೆದರೂ 10 ಅಕ್ಷರಗಳ ಎಲ್ಲ ಜೋಡಣೆ ಮುಗಿಯಲು ಸರಿಯಾಗಿ 42 ದಿನ ಬೇಕು! ಹಾಗಾದರೆ ಚೀಟಿಗಳನ್ನು ಸುಮ್ಮನೆ ಕಲಸುತ್ತಾ ಕುಳಿತರೆ ಪ್ರಯೋಜನವಿಲ್ಲ, ಅಲ್ಲವೇ?

ಹಿಂದಿನ ಸಾಲಿನ ಹುಡುಗಿ

ಒಮ್ಮೆ ಶಾಲೆಯೊಂದಕ್ಕೆ ಹೋದಾಗ ಐದನೇ ತರಗತಿಯ ಮಕ್ಕಳಿಗೆ ಇ, ಐ, ಎಲ್, ಎನ್, ಎಸ್, ಟಿ ಚೀಟಿಗಳನ್ನು ಕೊಟ್ಟಿದ್ದೆ. ಎಲ್ಲರೂ ಕಲಸತೊಡಗಿದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ "ನನಗೆ ಇಂಗ್ಲಿಷ್ ಬರಲ್ಲ ಮೇಡಂ" ಎಂದು ಕೈಕಟ್ಟಿ ಕುಳಿತಳು. "ಎಬಿಸಿಡಿ ಬರುತ್ತದೆಯೇ?" ಎಂದೆ. ಬರುತ್ತದೆ ಎಂದಳು. "ಅಷ್ಟು ಸಾಕು" ಎಂದು ಕೆಳಗಿನ ಚಟುವಟಿಕೆ ಮಾಡಿಸಿದೆ. ನೀವೂ ಮಾಡಿ ನೋಡಿ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಹಳೆಯ ಲಗ್ನಪತ್ರಿಕೆಗಳು, ಕತ್ತರಿ, ಸ್ಕೆಚ್ ಪೆನ್, ಒಂದು ರಟ್ಟಿನ ಪೆಟ್ಟಿಗೆ.

1. ಲಗ್ನಪತ್ರಿಕೆಗಳನ್ನು ಒಂದೇ ಅಳತೆಯ ಕಾರ್ಡುಗಳಾಗಿ ಕತ್ತರಿಸಿ.
2. ನಿಮ್ಮ ಇಂಗ್ಲಿಷ್ ಪಾಠದ ಒಂದೊಂದು ಪದವನ್ನು ಒಂದೊಂದು ಕಾರ್ಡಿನ ಕೆಳಭಾಗದಲ್ಲಿ ಬರೆಯಿರಿ.
3. ಆ ಪದದ ಅಕ್ಷರಗಳನ್ನೇ ಎಬಿಸಿಡಿ ಕ್ರಮದಲ್ಲಿ ಕಾರ್ಡಿನ ಮೇಲ್ಭಾಗದಲ್ಲಿ ಬರೆಯಿರಿ. ಇದು ಆ ಪದದ 'ಬೀಗದ ಕೈ'. ಉದಾಹರಣೆಗೆ, ಅರ್ಥ್ (ಭೂಮಿ) ಪದದ ಕೈ ಎ, ಇ, ಎಚ್, ಆರ್, ಟಿ.
4. ಮೇಲಿನ ಸಾಲನ್ನು ನೋಡಿ ಕಾರ್ಡುಗಳನ್ನು ನಿಘಂಟಿನ ಕ್ರಮದಲ್ಲಿ ಪೆಟ್ಟಿಗೆಯಲ್ಲಿ ನಿಲ್ಲಿಸಿ.

ಈಗ ಯಾರಾದರೂ ಅಕ್ಷರಗಳನ್ನು ಕೊಟ್ಟರೆ ಅವುಗಳನ್ನು ಎಬಿಸಿಡಿ ಕ್ರಮದಲ್ಲಿ ಜೋಡಿಸಿ, ಅದೇ ಕೈ ಇರುವ ಕಾರ್ಡನ್ನು ಹುಡುಕಿ. ಆ ಹುಡುಗಿಗೆ ಒಂದಲ್ಲ, ಎರಡು ಕಾರ್ಡು ಒಟ್ಟಿಗೇ ಸಿಕ್ಕವು: ಲಿಸನ್ (ಆಲಿಸು) ಮತ್ತು ಸೈಲೆಂಟ್ (ಮೌನ). ಅರ್ಥ್ ಕಾರ್ಡಿನ ಪಕ್ಕದಲ್ಲೇ ಹಾರ್ಟ್ (ಹೃದಯ) ಕೂಡ ಬಂದು ನಿಲ್ಲುತ್ತದೆ. ಏಕೆ ಗೊತ್ತೇ? ಅಕ್ಷರಗಳು ಒಂದೇ ಆದರೆ ಕೈಯೂ ಒಂದೇ.

ಕೆಲವು ಅಕ್ಷರ ಮಾತ್ರ ಕೊಟ್ಟರೆ?

ಎ, ಆರ್, ಟಿ ಮೂರೂ ಇರುವ ಪದಗಳು ಬೇಕು ಎನ್ನೋಣ. ಒಂದೊಂದೇ ಕಾರ್ಡಿನ ಕೈಯ ಮೇಲೆ ಎಡದಿಂದ ಬಲಕ್ಕೆ ಬೆರಳು ಸರಿಸಿ. ವಾಟರ್ (ನೀರು) ಪದದ ಕೈ ಎ, ಇ, ಆರ್, ಟಿ, ಡಬ್ಲ್ಯೂ. ಎ ಸಿಕ್ಕಿತು, ಇ ಬಿಟ್ಟೆವು, ಆರ್ ಸಿಕ್ಕಿತು, ಟಿ ಸಿಕ್ಕಿತು. ಸರಿಹೊಂದಿತು! ಟ್ರೀ (ಮರ) ಪದದ ಕೈ ಇ, ಇ, ಆರ್, ಟಿ. ಮೊದಲ ಅಕ್ಷರವೇ ಇ. ಎ ಇದ್ದಿದ್ದರೆ ಅದಕ್ಕಿಂತ ಮುಂಚೆಯೇ ಬರಬೇಕಿತ್ತು. ಆದ್ದರಿಂದ ಮುಂದೆ ನೋಡುವ ಅಗತ್ಯವೇ ಇಲ್ಲ. ಕ್ರಮ ಇದ್ದರೆ ಹುಡುಕಾಟ ಅರ್ಧಕ್ಕೇ ಮುಗಿಯುತ್ತದೆ. ಪದಗಳನ್ನು ಹುಡುಕಲು ಕಂಪ್ಯೂಟರಿಗೂ ಇದೇ ಉಪಾಯವನ್ನು ಹೇಳಿಕೊಡಬಹುದು.

ವಿಜ್ಞಾನಿಯ ಗುಟ್ಟು

ಜೀವಕೋಶಕ್ಕೆ 'ಸೆಲ್' ಎಂಬ ಹೆಸರು ಕೊಟ್ಟ ರಾಬರ್ಟ್ ಹುಕ್ ನಿಮಗೆ ಗೊತ್ತಲ್ಲವೇ? ಅವರು 1676ರಲ್ಲಿ ತಮ್ಮ ಹೊಸ ನಿಯಮವೊಂದನ್ನು ಬರೀ 14 ಅಕ್ಷರಗಳಾಗಿ ಅಚ್ಚು ಹಾಕಿಸಿದರು: ಸಿ, ಇ, ಐ, ಐ, ಐ, ಎನ್, ಒ, ಎಸ್, ಎಸ್, ಎಸ್, ಟಿ, ಟಿ, ಯು, ವಿ. ಇದೂ ಎಬಿಸಿಡಿ ಕ್ರಮವೇ! ಇವುಗಳನ್ನು 121 ಕೋಟಿಗೂ ಹೆಚ್ಚು ರೀತಿಯಲ್ಲಿ ಜೋಡಿಸಬಹುದು. ಹಾಗಾಗಿ ಗುಟ್ಟನ್ನು ಬಿಡಿಸುವುದು ಬಲು ಕಷ್ಟವಾಗಿತ್ತು. 1678ರಲ್ಲಿ ಹುಕ್ ಅವರೇ ಅದನ್ನು ಬಿಡಿಸಿ ಹೇಳಿದರು. ಅದು ಲ್ಯಾಟಿನ್ ಭಾಷೆಯ ವಾಕ್ಯ: ಸ್ಪ್ರಿಂಗು ಎಷ್ಟು ಹಿಗ್ಗುತ್ತದೆಯೋ ಅಷ್ಟೇ ಅದರ ಬಲ. ವಾಕ್ಯ ತಿಳಿದ ಮೇಲೆ ಅಕ್ಷರಗಳನ್ನು ಎಣಿಸಿ ನೋಡಿ, ಅವರು ಹೇಳಿದ್ದು ನಿಜವೆಂದು ಯಾರು ಬೇಕಾದರೂ ನಿಮಿಷದಲ್ಲಿ ತಿಳಿಯಬಹುದಿತ್ತು. ಹುಡುಕುವುದು ಕಷ್ಟ, ಪರೀಕ್ಷಿಸುವುದು ಸುಲಭ!

ಅಂದು ಶಾಲೆ ಬಿಡುವ ಹೊತ್ತಿಗೆ ಆ ಹುಡುಗಿ ಹನ್ನೊಂದು ಹೊಸ ಕಾರ್ಡು ಬರೆದಿದ್ದಳು. "ಇಂಗ್ಲಿಷ್ ಬರಲ್ಲ" ಎಂಬ ಮಾತು ಮತ್ತೆ ಅವಳ ಬಾಯಿಂದ ಬರಲಿಲ್ಲ.

ಯೋಚಿಸಿ

1. ಜಿ, ಎಚ್, ಐ, ಎನ್, ಟಿ: ಎರಡು ಪದ ಮಾಡಿ. ಒಂದು, ಸೂರ್ಯ ಮುಳುಗಿದ ಮೇಲೆ ಬರುತ್ತದೆ.
2. ಎ, ಇ, ಎಲ್, ಪಿ, ಟಿ: ಒಂದು ಊಟಕ್ಕೆ ಬೇಕು, ಇನ್ನೊಂದು ಹೂವಿನಲ್ಲಿದೆ.

ಉತ್ತರ: 1. ನೈಟ್, ಥಿಂಗ್. 2. ಪ್ಲೇಟ್, ಪೆಟಲ್.