ಎಮ್ಮೆಯ ವಪೆ ಹರಿದಾಗ

ನಾಲ್ಕು ದಿನಕ್ಕೊಮ್ಮೆ ಹೊಟ್ಟೆ ಉಬ್ಬುತ್ತದೆ, ಔಷಧಿ ಕುಡಿಸಿದರೆ ಇಳಿಯುತ್ತದೆ, ಮತ್ತೆ ಉಬ್ಬುತ್ತದೆ. ಕರು ಹಾಕಿ ತಿಂಗಳಾಗಿದ್ದ ಒಂದು ಎಮ್ಮೆಗೆ ಹೀಗೆಯೇ ಮೂರು ವಾರ ಕಳೆದು, ಶಸ್ತ್ರಚಿಕಿತ್ಸೆಗೆ ಸಾಗಿಸುವ ಹೊತ್ತಿಗೆ ಅದಕ್ಕೆ ನಿಲ್ಲಲೂ ತ್ರಾಣವಿರಲಿಲ್ಲ. ಬದುಕಲಿಲ್ಲ. ಆ ಮೂರು ವಾರದಲ್ಲಿ ಎರಡು ಸಲ ಉಬ್ಬರದ ಎಣ್ಣೆ ಕುಡಿಸಿದವನು ನಾನೇ ಎಂಬುದನ್ನೂ ಹೇಳಿಬಿಡುತ್ತೇನೆ.

ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆಯೇ ವಪೆ. ಮೇವಿನೊಡನೆ ನುಂಗಿದ ತಂತಿ, ಮೊಳೆ ಜೇನುಗೂಡಿನಂತಿರುವ ಎರಡನೇ ಹೊಟ್ಟೆಯಲ್ಲಿ ನಿಂತು ಮುಂದಕ್ಕೆ ಚುಚ್ಚಿದರೆ ಈ ಪರದೆ ದುರ್ಬಲವಾಗುತ್ತದೆ. ತುಂಬು ಗಬ್ಬದ ಭಾರ, ಕರು ಹಾಕುವಾಗಿನ ತಿಣುಕು ಸೇರಿದರೆ ಹರಿಯುತ್ತದೆ. ಆಗ ಎರಡನೇ ಹೊಟ್ಟೆ ಎದೆಗೂಡಿಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಹಸುವಿಗಿಂತ ಎಮ್ಮೆಯಲ್ಲಿ ಇದು ಹೆಚ್ಚು. ಮರುಕಳಿಸುವ ಉಬ್ಬರ, ನಿಂತ ಮೆಲುಕು, ಸ್ವಲ್ಪವೇ ಬೀಳುವ ಕಪ್ಪನೆಯ ಅಂಟು ಸಗಣಿ ಇದರ ಗುರುತು. ಎಕ್ಸರೇ ಅಥವಾ ಸ್ಕ್ಯಾನಿಂಗ್ ಮಾಡಿದರೆ ಖಚಿತವಾಗುತ್ತದೆ.

ಔಷಧಿಯಿಂದ ಹರಿದದ್ದು ಕೂಡುವುದಿಲ್ಲ. ಸಾಮಾನ್ಯವಾಗಿ ಎರಡು ಹಂತದ ಶಸ್ತ್ರಚಿಕಿತ್ಸೆ ಬೇಕು. ಮೊದಲು ಎಡಪಕ್ಕೆ ತೆರೆದು ದೊಡ್ಡ ಹೊಟ್ಟೆ ಬರಿದು ಮಾಡಿ, ಲೋಹ ಸಿಕ್ಕರೆ ತೆಗೆಯುತ್ತಾರೆ. ಒಂದೆರಡು ದಿನ ಬಿಟ್ಟು ಎದೆಮೂಳೆಯ ಹಿಂದಿನಿಂದ ಹೊಟ್ಟೆ ತೆರೆದು, ನುಗ್ಗಿದ ಭಾಗವನ್ನು ಬಿಡಿಸಿ ಹಿಂದಕ್ಕೆಳೆದು, ರಂಧ್ರದ ಅಂಚುಗಳನ್ನು ಗಟ್ಟಿ ದಾರದಿಂದ ಹೊಲಿಯುತ್ತಾರೆ. ರಂಧ್ರ ತೆರೆದ ಕ್ಷಣ ಎದೆಯೊಳಗೆ ಗಾಳಿ ಹೊಕ್ಕು ಶ್ವಾಸಕೋಶ ಕುಗ್ಗುತ್ತದೆ. ಆದ್ದರಿಂದ ಕೊಳವೆಯಿಂದ ಉಸಿರು ಕೊಡಬೇಕು. ಕೊಟ್ಟಿಗೆಯಲ್ಲಿ ಮಾಡುವ ಕೆಲಸ ಇದಲ್ಲ.

ಅಂಚುಗಳು ಕೂಡದಷ್ಟು ರಂಧ್ರ ದೊಡ್ಡದಾಗಿದ್ದರೆ? ಕೃತಕ ಜಾಲರಿ ಹಾಕುವುದುಂಟು. ಇನ್ನೊಂದು ದಾರಿ ರೋಗಿಯ ಸ್ವಂತ ಅಂಗಾಂಶ. ಹೊಟ್ಟೆಯ ಗೋಡೆಯ ಒಳಪದರದ ಸ್ನಾಯುವನ್ನು ಒಂದು ಬದಿ ಕತ್ತರಿಸದೆ ಉಳಿಸಿ, ಮಡಚಿ ರಂಧ್ರಕ್ಕೆ ಹೊಲಿಯುತ್ತಾರೆ. ಉಳಿದ ಬದಿಯಿಂದ ರಕ್ತ ಹರಿಯುವುದರಿಂದ ತೇಪೆ ಜೀವಂತವಾಗಿರುತ್ತದೆ, ದೇಹ ಅದನ್ನು ಪರಕೀಯವೆಂದು ತಳ್ಳುವುದಿಲ್ಲ. ನಾಯಿಗಳಲ್ಲಿ, ಹುಟ್ಟಿನಿಂದಲೇ ವಪೆ ಕೊರತೆಯಿರುವ ಮಾನವ ಶಿಶುಗಳಲ್ಲಿ ಈ ಕ್ರಮ ಬಳಕೆಯಲ್ಲಿದೆ. ಎಮ್ಮೆಯಲ್ಲಿ ಹೆಚ್ಚಾಗಿ ನೇರ ಹೊಲಿಗೆಯೇ ನಡೆಯುವುದು.

ಸದಸ್ಯರು ಮಾಡಬೇಕಾದದ್ದು: ಉಬ್ಬರ ಎರಡನೇ ಸಲ ಬಂದರೆ ಮೂರನೆಯದಕ್ಕೆ ಕಾಯಬೇಡಿ. ಉಬ್ಬಿದ ದಿನಾಂಕ, ಕರು ಹಾಕಿದ ದಿನಾಂಕ ಎರಡನ್ನೂ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ, ಎಕ್ಸರೇ ಇರುವ ಪಶು ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಎಮ್ಮೆಗೆ ಇನ್ನೂ ನಡೆಯುವ ಶಕ್ತಿ ಇರುವಾಗಲೇ ಲಾರಿ ಹತ್ತಿಸಿ.