ಮಳೆಗಾಲದ ತುರ್ತು ಸಂಪರ್ಕ: ಹವ್ಯಾಸಿ ರೇಡಿಯೋ ಸ್ವಯಂಸೇವಕರಿಗೊಂದು ಪಾಠ



2019ರ ಆಗಸ್ಟ್ ಮಳೆಯಲ್ಲಿ ನಮ್ಮ ಊರಿನ ರಸ್ತೆಗೆ ಧರೆ ಜರಿಯಿತು. ಕರೆಂಟು ಹೋಯಿತು, ಮರುದಿನ ಮೊಬೈಲ್ ಟವರೂ ನಿಂತಿತು. ಹಳ್ಳದಾಚೆಯ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರಿಗೆ ಇನ್ಸುಲಿನ್ ಮುಗಿದಿತ್ತು. ಸುದ್ದಿ ಮೂವರ ಬಾಯಿ ದಾಟಿ ನಮ್ಮ ಕಚೇರಿಗೆ ಬರುವಾಗ "ಅಜ್ಜನಿಗೆ ಇಂಜೆಕ್ಷನ್ ಬೇಕಂತೆ" ಎಂದಷ್ಟೇ ಉಳಿದಿತ್ತು. ಯಾವ ಇಂಜೆಕ್ಷನ್, ಯಾವ ಮನೆ, ಎಷ್ಟು ಹೊತ್ತಿನೊಳಗೆ ಎಂದು ಕೇಳಲು ನಮಗೂ ತೋಚಲಿಲ್ಲ. ನಾವು ಕಳಿಸಿದ ಹುಡುಗ ಬೇರೆ ಮನೆಗೆ ಹೋಗಿ ಹಿಂದಿರುಗಿದ. ಔಷಧ ತಲುಪಲು ಒಂದು ದಿನ ತಡವಾಯಿತು. ಹಿರಿಯರು ಉಳಿದದ್ದು ದೇವರ ದಯೆ, ನಮ್ಮ ಜಾಣತನವಲ್ಲ.

ಅಂದಿನಿಂದ ನಾವು ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ, ಕಡೆ ಗಮನ ಕೊಟ್ಟಿದ್ದೇವೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ದೂರವಾಣಿ ಕೆಟ್ಟಾಗ, ಹವ್ಯಾಸದ ಪ್ರಸಾರಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡ ತಮ್ಮ ಯಂತ್ರಗಳನ್ನು ತುರ್ತು ಸಂದೇಶಕ್ಕೆ ತಿರುಗಿಸಿತು. 2024ರ ಜುಲೈ 30ರಂದು ವಯನಾಡಿನ ಗುಡ್ಡ ಕುಸಿದಾಗಲೂ ಹ್ಯಾಮ್‌ಗಳು ಕಲ್ಪೆಟ್ಟದಲ್ಲಿ ಕೇಂದ್ರ ತೆರೆದು ನೆರವಾದರು.

ಲೈಸೆನ್ಸು: 12 ವರ್ಷ ತುಂಬಿದ ಯಾರೂ ಕೇಂದ್ರ ಸರ್ಕಾರದ ಪರೀಕ್ಷೆಗೆ ಕೂರಬಹುದು. ರೇಡಿಯೋ ತತ್ವ ಮತ್ತು ನಿಯಮಗಳೇ ಪಾಠ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ. ಲೈಸೆನ್ಸಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಲೈಸೆನ್ಸಿದ್ದರೂ ವ್ಯಾಪಾರದ ಮಾತು ನಿಷಿದ್ಧ. ಅಡಿಕೆ ಧಾರಣೆ, ಕಾಫಿ ರೇಟು ಕೇಳಲು ಇದನ್ನು ಬಳಸುವಂತಿಲ್ಲ.

ಯಂತ್ರ: ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟು 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅದರ ಅಲೆ ಹೆಚ್ಚುಕಡಿಮೆ ನೇರ ಸಾಗುವುದರಿಂದ ಗುಡ್ಡ ಅಡ್ಡ ಬಂದರೆ ಮಾತು ನಿಲ್ಲುತ್ತದೆ. ಎತ್ತರದ ಗುಡ್ಡದ ಮೇಲೆ ರಿಪೀಟರ್ ಇದ್ದರೆ ಮಾತ್ರ ದಾಟುತ್ತದೆ. ನಮ್ಮಂಥ ಕಣಿವೆಗೆ 7 ಮೆಗಾಹರ್ಟ್ಸ್‌ನ ಸೆಟ್ಟು ಮೇಲು. ಎಡಕ್ಕೆ 10 ಮೀಟರ್, ಬಲಕ್ಕೆ 10 ಮೀಟರ್ ತಂತಿಯನ್ನು 5-6 ಮೀಟರ್ ಎತ್ತರದಲ್ಲಿ ಎರಡು ಮರಗಳ ನಡುವೆ ಕಟ್ಟಿದರೆ, ಅಲೆ ನೆತ್ತಿಯ ಕಡೆಗೆ ಏರಿ, ಆಕಾಶದ ಮೇಲ್ಪದರಕ್ಕೆ ತಾಗಿ, ಸುತ್ತಲಿನ ಕೆಲವು ನೂರು ಕಿಲೋಮೀಟರಿನಲ್ಲಿ ಇಳಿಯುತ್ತದೆ. ಗುಡ್ಡದ ಅಡ್ಡಿ ಅದಕ್ಕಿಲ್ಲ. ಹಗಲಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ವಿದ್ಯುತ್ ತಂತಿಯ ಹತ್ತಿರ ಕಟ್ಟಬಾರದು. ಸಿಡಿಲಿನ ಸೂಚನೆ ಕಂಡೊಡನೆ ಸೆಟ್ಟಿನಿಂದ ತಂತಿ ಬಿಡಿಸಬೇಕು.

100 ವ್ಯಾಟಿನ ಸೆಟ್ಟು 12 ವೋಲ್ಟ್ ಬ್ಯಾಟರಿಯಿಂದ ಮಾತಾಡುವಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ. ಕೇಳುವಾಗ 1ರಿಂದ 2. ಆದ್ದರಿಂದ ಹೆಚ್ಚು ಕೇಳಿ, ಕಡಿಮೆ ಮಾತಾಡುವುದೇ ಮಿತವ್ಯಯ.

ಸಂದೇಶ: ಮುಖ್ಯ ಪಾಠ ಇದೇ. ಯಂತ್ರ ಎಷ್ಟೇ ಒಳ್ಳೆಯದಿರಲಿ, "ಅಜ್ಜನಿಗೆ ಇಂಜೆಕ್ಷನ್ ಬೇಕಂತೆ" ಎಂಬುದನ್ನು ಅದು ಹಾಗೆಯೇ ಮುಟ್ಟಿಸುತ್ತದೆ. ಆದ್ದರಿಂದ ಮೊದಲು ಬರೆಯಬೇಕು, ಆಮೇಲೆ ಮಾತಾಡಬೇಕು.

1. ಸಂದೇಶದ ಸಂಖ್ಯೆ, ತಾರೀಕು, ಗಂಟೆ.
2. ದರ್ಜೆ: ಪ್ರಾಣಾಪಾಯ, ತುರ್ತು ಅಥವಾ ಸಾಮಾನ್ಯ.
3. ಯಾರಿಂದ, ಯಾರಿಗೆ: ಹೆಸರು, ಹುದ್ದೆ, ಸ್ಥಳ.
4. ವಿಷಯ, 25 ಪದಗಳೊಳಗೆ: ಏನಾಗಿದೆ, ಏನು ಬೇಕು, ಎಷ್ಟು, ಎಲ್ಲಿಗೆ, ಯಾವಾಗಿನೊಳಗೆ, ಯಾವ ದಾರಿಯಲ್ಲಿ.
5. ಕಳಿಸಿದವರ ಸಹಿ.

ನಮ್ಮ ಹಿರಿಯರ ಸಂದೇಶ ಹೀಗಿರಬೇಕಿತ್ತು: "ಪ್ರಾಣಾಪಾಯ. ಹಳ್ಳದಾಚೆ ಮೇಲಿನ ಮನೆ, 74 ವರ್ಷದ ಪುರುಷ. ಇನ್ಸುಲಿನ್ ಬೆಳಿಗ್ಗೆಯೇ ಮುಗಿದಿದೆ. ಚೀಟಿಯಲ್ಲಿನ ಬಗೆಯೇ ಬೇಕು. ಸಂಜೆ 6ರೊಳಗೆ. ಸೇತುವೆ ಇಲ್ಲ, ಮೇಲಿನ ಕಾಲುದಾರಿಯಲ್ಲಿ ಬನ್ನಿ."

ಔಷಧದ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಬೇಕು: ಇಂಡಿಯಾ, ನವೆಂಬರ್, ಸಿಯೆರಾ, ಯೂನಿಫಾರ್ಮ್, ಲಿಮಾ, ಇಂಡಿಯಾ, ನವೆಂಬರ್. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಬೇಕು. ಕೇಳಿದವರು ಪೂರ್ತಿ ಬರೆದುಕೊಂಡು ತಿರುಗಿ ಓದಬೇಕು. ಕಳಿಸಿದವರು "ಸರಿ" ಎನ್ನುವ ತನಕ ಸಂದೇಶ ಮುಟ್ಟಿತೆಂದು ಲೆಕ್ಕವಿಲ್ಲ. "ಅಂತೆ"ಗೆ ಈ ಹಾಳೆಯಲ್ಲಿ ಜಾಗವಿಲ್ಲ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಯಾರಿಂದ ಕೇಳಿದ್ದೆಂದೂ ಬರೆಯತಕ್ಕದ್ದು.

ಶಿಸ್ತು: ಹಲವು ಸೆಟ್ಟುಗಳಿದ್ದಲ್ಲಿ ಒಬ್ಬರೇ ನಿಯಂತ್ರಕರು. ಅವರು ಕರೆದಾಗ ಮಾತ್ರ ಉಳಿದವರು ಮಾತಾಡಬೇಕು. ಪ್ರಾಣಾಪಾಯದ ಸಂದೇಶವಿದ್ದವರು ಮಾತ್ರ ನಡುವೆ ಬಿಡುವು ನೋಡಿ ಕರೆಯಬಹುದು. ಎಲ್ಲರೂ ಒಮ್ಮೆಲೇ ಕೂಗಿದರೆ ಯಾರದೂ ಕೇಳಿಸದು.

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಮಳೆ ಹಿಡಿಯುವ ಮೊದಲು. ಅದರಲ್ಲೂ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್ ಎಂಬ ಲೆಕ್ಕ ತಪ್ಪಬಾರದು. ಈ ತರಬೇತಿಯೂ ಹಾಗೆಯೇ: ಮಳೆಗೆ ಮೊದಲೇ ಆಗಬೇಕು, ಅಳತೆ ತಪ್ಪದೆ ಆಗಬೇಕು. ಧರೆ ಜರಿದ ದಿನ ಕಲಿಯಲು ಪುರಸೊತ್ತಿಲ್ಲ.

ಪರೀಕ್ಷೆಗೆ ಕೂರುವ ಉಮೇದಿರುವ ಯುವಕ ಯುವತಿಯರು ಕಚೇರಿಯಲ್ಲಿ ಹೆಸರು ಕೊಡಲಿ. ಸಂದೇಶ ಬರೆದುಕೊಡಲು ಯಾರಿಗೂ ಲೈಸೆನ್ಸು ಬೇಡ. ಆದ್ದರಿಂದ ಪ್ರತಿ ಮನೆಯಲ್ಲೂ ಈ ವಾರ ಒಂದು ಹಾಳೆ ತೆಗೆದು, ತಮ್ಮ ಮನೆಯಲ್ಲಿ ನಿತ್ಯ ಬೇಕಾದ ಔಷಧ, ಮನೆಯ ಗುರುತು, ಮಳೆಯಲ್ಲೂ ನಡೆಯಬಹುದಾದ ದಾರಿ ಇವಿಷ್ಟನ್ನು ಬರೆದು ಗೋಡೆಗೆ ತೂಗುಹಾಕಬೇಕಾಗಿ ಕೋರುತ್ತೇವೆ. ನಮ್ಮ ಮನೆಯಲ್ಲಿ ತೂಗುಹಾಕಿದ್ದೇವೆ.

— ಕಾರ್ಯದರ್ಶಿ